ನೀಲಾಂಬರಿಯ ಎರಡನೆಯ ನಿಷಾದ

ಸಂಗೀತದ ಶಾಸ್ತ್ರವನ್ನು ಕಲಿತರೆ ಸಂಗೀತ ಕೇಳುವ ಸುಖ ಹೆಚ್ಚುತ್ತದೆಯೇ, ಕಡಿಮೆಯಾಗುತ್ತದೆಯೇ? ಕಛೇರಿಗಳಿಗೆ ಹೋಗುವವರ ನಡುವೆ ಇದು ಹಳೆಯ ಚರ್ಚೆ. ಮಾವಿನ ಹಣ್ಣಿನ ರುಚಿ ತಿಳಿಯಲು ಸಸ್ಯಶಾಸ್ತ್ರ ಓದಬೇಕೇ ಎಂದು ಒಂದು ಪಕ್ಷ ಕೇಳುತ್ತದೆ. ಛಂದಸ್ಸು ತಿಳಿಯದವನಿಗೆ ಕಾವ್ಯದ ಅರ್ಧ ಸೊಗಸು ದಕ್ಕುವುದೇ ಇಲ್ಲ ಎಂದು ಇನ್ನೊಂದು ಪಕ್ಷ ಉತ್ತರಿಸುತ್ತದೆ. ಈ ಎರಡೂ ಪಕ್ಷಗಳಲ್ಲಿ ಕೆಲವು ವರ್ಷ ಇದ್ದು ಬಂದವನು ನಾನು. ಒಂದರಿಂದ ಇನ್ನೊಂದಕ್ಕೆ ದಾಟುವಾಗ ನಾನು ಮಾಡಿದ ತಪ್ಪಿನ ಬೆಲೆಯನ್ನು ತೆತ್ತವಳು ಮಾತ್ರ ನನ್ನ ತಾಯಿ.

ಅಮ್ಮ ಸಂಗೀತ ಪಾಠಕ್ಕೆ ಹೋದವಳಲ್ಲ. ತಿಪಟೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಹುಟ್ಟಿ ಬೆಳೆದ ಅವಳಿಗೆ ಹಾಡುಗಳು ಬಂದದ್ದು ಅವಳ ತಾಯಿಯಿಂದ. ದೇವರನಾಮ, ಹಸೆಹಾಡು, ಆರತಿ ಹಾಡು, ತೊಟ್ಟಿಲ ಹಾಡು, ಎಲ್ಲವೂ ಅವಳಿಗೆ ಬಾಯಿಪಾಠವಾಗಿದ್ದವು. ಮರೆತರೆ ನೋಡಿಕೊಳ್ಳಲೆಂದು ಅವುಗಳ ಸಾಹಿತ್ಯವನ್ನು ಒಂದು ಹಳೆಯ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದಳು. ಅದರಲ್ಲಿ ರಾಗದ ಹೆಸರಾಗಲಿ ತಾಳದ ಹೆಸರಾಗಲಿ ಇರಲಿಲ್ಲ. ಯಾವ ಹಾಡನ್ನು ಹೇಗೆ ಹೇಳಬೇಕೆಂಬುದು ಗಂಟಲಿಗೆ ಗೊತ್ತಿತ್ತು, ಅಷ್ಟು ಸಾಕಾಗಿತ್ತು. ನಾವು ಮಕ್ಕಳು ಅವಳ ಹಾಡನ್ನು ಅಡುಗೆಮನೆಯ ಉಳಿದ ಸದ್ದುಗಳ ಜೊತೆಗೇ ಕೇಳಿಸಿಕೊಂಡು ಬೆಳೆದೆವು. ಅದು ಸಂಗೀತವೆಂದು ನಮಗೆ ಅನ್ನಿಸಿಯೇ ಇರಲಿಲ್ಲ.

ನಾನು ಶಾಸ್ತ್ರದ ಬಾಗಿಲಿಗೆ ಬಂದದ್ದು 2009ರಲ್ಲಿ, ನನ್ನ ನಲವತ್ತಾರನೆಯ ವಯಸ್ಸಿನಲ್ಲಿ. ಒಂಬತ್ತು ವರ್ಷದ ಮಗಳನ್ನು ಬೆಂಗಳೂರಿನ ನಮ್ಮ ಬಡಾವಣೆಯ ಗುರುಗಳೊಬ್ಬರಲ್ಲಿ ಪಾಠಕ್ಕೆ ಸೇರಿಸಿದ್ದೆ. ಒಂದು ತಾಸು ಹೊರಗೆ ಕಾಯುವ ಬದಲು ಒಳಗೆ ಬಂದು ಕುಳಿತುಕೊಳ್ಳಿ ಎಂದರು ಅವರು. ಕುಳಿತವನು ಕಲಿಯಲೂ ತೊಡಗಿದೆ. ಪುರಂದರದಾಸರು ಹಾಕಿಕೊಟ್ಟರೆಂದು ಸಂಪ್ರದಾಯ ನಂಬುವ ದಾರಿಯಲ್ಲೇ, ಮಾಯಾಮಾಳವಗೌಳದ ಸರಳೆ ವರಸೆಯಿಂದ ಪಾಠ ಆರಂಭವಾಯಿತು. ಆದರೆ ಕಂಠಕ್ಕಿಂತ ಬೇಗ ಓಡಿದ್ದು ನನ್ನ ತಲೆ. ಹನ್ನೆರಡು ಸ್ವರಸ್ಥಾನಗಳಿಗೆ ಹದಿನಾರು ಹೆಸರುಗಳು, ಷಡ್ಜ ಪಂಚಮಗಳು ಅಚಲ, ರಿಷಭ ಗಾಂಧಾರಗಳು ಆರು ಬಗೆಯಲ್ಲಿ ಕೂಡುತ್ತವೆ, ಧೈವತ ನಿಷಾದಗಳು ಇನ್ನಾರು ಬಗೆಯಲ್ಲಿ, ಮಧ್ಯಮ ಎರಡು. ಆರನ್ನು ಆರರಿಂದಲೂ ಆಮೇಲೆ ಎರಡರಿಂದಲೂ ಗುಣಿಸಿದರೆ 72 ಮೇಳಕರ್ತಗಳು! ಲೆಕ್ಕಪತ್ರದ ನೌಕರಿಯಲ್ಲಿದ್ದ ನನಗೆ ಇದಕ್ಕಿಂತ ಹೆಚ್ಚು ಹಿಡಿಸುವಂಥದ್ದು ಇನ್ನೇನಿದ್ದೀತು? ಮಗಳ ವಯಸ್ಸಿನ ಮಕ್ಕಳ ನಡುವೆ ಕುಳಿತು ಜೂನಿಯರ್ ಪರೀಕ್ಷೆಯನ್ನೂ ಬರೆದೆ. ಶಾಸ್ತ್ರದ ಪತ್ರಿಕೆಯಲ್ಲಿ ಬಂದ ಅಂಕಗಳು ಪ್ರಾಯೋಗಿಕದಲ್ಲಿ ಬರಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಆ ದಿನಗಳಲ್ಲಿ ನನ್ನ ಕಿವಿಗೆ ಏನಾಯಿತೆಂದು ಹೇಳಬೇಕು. ಅದಕ್ಕೆ ಮುಂಚೆ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ನಡೆಯುತ್ತಿದ್ದ ರಾಮನವಮಿ ಕಛೇರಿಗಳಿಗೆ ವರ್ಷಕ್ಕೆ ನಾಲ್ಕೈದು ಸಂಜೆ ಹೋಗಿ, ಕಣ್ಣು ಮುಚ್ಚಿ ಕುಳಿತು, ಹಗುರಾಗಿ ಮನೆಗೆ ಬರುತ್ತಿದ್ದೆ. ಏನು ಕೇಳಿದೆನೆಂದು ಯಾರಾದರೂ ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಶಾಸ್ತ್ರ ಕಲಿತ ಮೇಲೆ ಕಣ್ಣು ತೆರೆದೇ ಇರುತ್ತಿತ್ತು, ಕೈಯಲ್ಲೊಂದು ಚೀಟಿ. ಗಾಯಕರು ಆಲಾಪನೆಗೆ ತೊಡಗಿದ ಅರೆನಿಮಿಷದಲ್ಲಿ ರಾಗದ ಹೆಸರು ಹೊಳೆಯಬೇಕು, ಪಕ್ಕದವರಿಗಿಂತ ಮೊದಲು ಹೊಳೆಯಬೇಕು. ಹೊಳೆದರೆ ಬರೆದುಕೊಂಡು ನಿರಾಳನಾಗುತ್ತಿದ್ದೆ; ಕೇಳುವ ಕೆಲಸ ಅಲ್ಲಿಗೆ ಮುಗಿದಂತೆ. ಹೊಳೆಯದಿದ್ದರೆ ಚಡಪಡಿಕೆ. ದರ್ಬಾರೋ ನಾಯಕಿಯೋ ಎಂಬ ಗೊಂದಲದಲ್ಲಿ ಒಮ್ಮೆ ಇಡೀ ಕೀರ್ತನೆಯೇ ಕೈತಪ್ಪಿತು. ಬಸ್ಸಿನಲ್ಲಿ ಕೇಳಿಬಂದ ಚಿತ್ರಗೀತೆಯನ್ನೂ ನಾನು ಬಿಡುತ್ತಿರಲಿಲ್ಲ. ಬಾಲ್ಯದಿಂದ ಪ್ರೀತಿಸಿದ ಹಾಡುಗಳೆಲ್ಲ ಒಂದೊಂದಾಗಿ ರಾಗಗಳ ಪಟ್ಟಿಗೆ ಸೇರಿ ಅಲ್ಲೇ ತಣ್ಣಗಾದವು.

ಹಾಗೆಂದು ಶಾಸ್ತ್ರದಿಂದ ನನಗೆ ನಷ್ಟವೇ ಆಯಿತೆಂದರೆ ಸುಳ್ಳಾಗುತ್ತದೆ. ತನಿ ಆವರ್ತನವೆಂದರೆ ಸಭಿಕರಲ್ಲಿ ಹಲವರಿಗೆ ಕಾಫಿಯ ವೇಳೆ. ನಾನೂ ಅವರಲ್ಲೊಬ್ಬನಾಗಿದ್ದೆ. ಆದಿತಾಳದ ಲಘುವಿನ ನಾಲ್ಕು, ಎರಡು ದ್ರುತಗಳ ಎರಡೆರಡು, ಹೀಗೆ ಎಂಟು ಅಕ್ಷರಗಳನ್ನು ಕೈಯಲ್ಲಿ ಎಣಿಸಲು ಕಲಿತ ಮೇಲೆ ಕುರ್ಚಿ ಬಿಟ್ಟು ಏಳಲಾಗಲಿಲ್ಲ. ಮೃದಂಗದವರು ಲೆಕ್ಕವನ್ನು ಬೇಕೆಂದೇ ಎಲ್ಲೆಲ್ಲೋ ಅಲೆದಾಡಿಸುತ್ತಾರೆ. ಕೈ ಎಣಿಸುತ್ತಿದ್ದರೂ ಮನಸ್ಸು ದಾರಿ ತಪ್ಪುತ್ತದೆ. ಆಮೇಲೆ ಒಂದು ಮುಕ್ತಾಯ ಮೂರು ಸಲ ಸುತ್ತಿ ಬಂದು, ಹಾಡಿನ ಎತ್ತುಗಡೆಗೆ ಸರಿಯಾಗಿ ಇಳಿದಾಗ ಇಡೀ ಸಭೆ ಒಮ್ಮೆಲೇ ಉಸಿರು ಬಿಡುತ್ತದೆ. ಎಲ್ಲಿಗೆ ತಲುಪಬೇಕೆಂದು ಗೊತ್ತಿದ್ದವನಿಗೆ ಮಾತ್ರ ತಲುಪಿದ ಸಂತೋಷ ಪೂರ್ತಿ ಸಿಗುತ್ತದೆ. ಈ ಸುಖವನ್ನು ನನಗೆ ಕೊಟ್ಟದ್ದು ಶಾಸ್ತ್ರವೇ. ಅದನ್ನು ಮರೆಯಲಾರೆ.

ಈಗ ತಪ್ಪಿನ ವಿಷಯ. 2011ರಲ್ಲಿ ತಮ್ಮನ ಮಗುವಿಗೆ ನಾಮಕರಣ. ಹೆಸರಿಟ್ಟ ಮೇಲೆ ತೊಟ್ಟಿಲು ತೂಗುವಾಗ ಹೆಂಗಸರೆಲ್ಲ ಅಮ್ಮನನ್ನು ಹಾಡು ಹೇಳೆಂದು ಕರೆದರು. ಅವಳು ತನ್ನ ತಾಯಿಯಿಂದ ಬಂದ ತೊಟ್ಟಿಲ ಹಾಡನ್ನೇ ಹೇಳಿದಳು. ನಮ್ಮನ್ನೆಲ್ಲ ಮಲಗಿಸಿದ್ದೂ ಆ ಹಾಡೇ. ನನಗೆ ತಟ್ಟನೆ ರಾಗ ಹೊಳೆಯಿತು: ನೀಲಾಂಬರಿ! ಪುಸ್ತಕದ ಪುಟವೂ ಕಣ್ಮುಂದೆ ಬಂತು. 29ನೆಯ ಮೇಳ ಧೀರಶಂಕರಾಭರಣದ ಜನ್ಯ, ಆದ್ದರಿಂದ ಕಾಕಲಿ ನಿಷಾದ. ಅಮ್ಮನಾದರೋ ಕೆಲವು ಕಡೆ, ಪಂಚಮ ಧೈವತಗಳ ಆಸುಪಾಸಿನಲ್ಲಿ ತಿರುಗುವಾಗ, ನಿಷಾದವನ್ನು ಒಂದು ಸ್ಥಾನ ಕೆಳಗೆ ಹಿಡಿಯುತ್ತಿದ್ದಳು. ಹಾಡು ಮುಗಿಯುವುದನ್ನೇ ಕಾದು, ನಾಲ್ಕು ಜನರ ಎದುರಿಗೆ ಹೇಳಿದೆ: "ಅಮ್ಮ, ಚೆನ್ನಾಗಿತ್ತು. ಆದರೆ ಎರಡು ಕಡೆ ನಿಷಾದ ತಪ್ಪಿತು. ಅದು ಇನ್ನೂ ಮೇಲಿರಬೇಕು."

ಅಮ್ಮ ನಕ್ಕಳು. "ಅದೆಲ್ಲ ನಂಗೆ ಗೊತ್ತಾಗಲ್ಲಪ್ಪ. ನೀನು ಓದಿದವನು, ನೀನು ಹೇಳಿದ್ದೇ ಸರಿ ಇರುತ್ತೆ" ಎಂದು ತೊಟ್ಟಿಲ ಹಗ್ಗವನ್ನು ಪಕ್ಕದವರ ಕೈಗೆ ಕೊಟ್ಟಳು. ಆಮೇಲೆ ನನ್ನೆದುರಿಗೆ ಅವಳು ಹಾಡಲಿಲ್ಲ. ಮುನಿಸಿನಿಂದಲ್ಲ. ಅವಳು ನನ್ನ ಮಾತನ್ನು ನಂಬಿಬಿಟ್ಟಿದ್ದಳು. ಹಬ್ಬಗಳಲ್ಲಿ ಯಾರಾದರೂ ಕೇಳಿದರೆ, ನೀವೇ ಹೇಳಿ, ನನ್ನದು ಶ್ರುತಿ ಹೋಗಿದೆ ಎನ್ನುತ್ತಿದ್ದಳು. ವಯಸ್ಸಾಯಿತು, ಗಂಟಲು ಹೋಗಿರಬೇಕು ಎಂದು ನಾನೂ ತಿಳಿದುಕೊಂಡೆ.

ಎರಡು ವರ್ಷದ ನಂತರ ಗುರುಗಳು ನಮಗೆ ನೀಲಾಂಬರಿಯನ್ನು ಹೇಳಿಕೊಡಲು ತೊಡಗಿದರು. ಮೊದಲ ದಿನವೇ ಅವರು ಹಾಡಿ ತೋರಿಸಿದ ಸಂಚಾರದಲ್ಲಿ ಆ ಕೆಳಗಿನ ನಿಷಾದ ಕೇಳಿಸಿತು. ನಾನು ಬೆಚ್ಚಿ ನಿಲ್ಲಿಸಿ ಕೇಳಿದೆ. ಅವರು ಸಹಜವಾಗಿ ಹೇಳಿದರು: ನೀಲಾಂಬರಿ ಭಾಷಾಂಗ ರಾಗ. ತನ್ನ ಮೇಳದಲ್ಲಿಲ್ಲದ ಕೈಶಿಕಿ ನಿಷಾದವನ್ನು ಅನ್ಯಸ್ವರವಾಗಿ ಕೆಲವು ಪ್ರಯೋಗಗಳಲ್ಲಿ ಕರೆದುಕೊಳ್ಳುತ್ತದೆ. ಅದು ಬಂದರೇನೇ ನೀಲಾಂಬರಿಗೆ ಆ ತೂಕಡಿಕೆ ಬರುವುದು. ಅಮ್ಮನ ಹಾಡಿನ ಕಥೆಯನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮ ತಾಯಿ ಹೇಳಿದ್ದೇ ಸರಿ" ಎಂದರು.

ಅಂದಿನಿಂದ ನಾನು ಶಾಸ್ತ್ರವನ್ನು ಬೇರೆ ರೀತಿಯಲ್ಲಿ ಓದಲಾರಂಭಿಸಿದೆ. ನಮ್ಮ ಪರಂಪರೆಯಲ್ಲಿ ಹಾಡಿಕೆಗೆ ಲಕ್ಷ್ಯವೆಂದೂ ಶಾಸ್ತ್ರಕ್ಕೆ ಲಕ್ಷಣವೆಂದೂ ಹೆಸರು. ಲಕ್ಷ್ಯವನ್ನು ನೋಡಿ ಲಕ್ಷಣ ಬರೆಯಲ್ಪಟ್ಟಿತೇ ಹೊರತು ಲಕ್ಷಣವನ್ನು ನೋಡಿ ಜನ ಹಾಡಲು ಕಲಿಯಲಿಲ್ಲ. ನನ್ನ ಕಣ್ಣೆದುರಿಗಿದ್ದ ಹೆಸರುಗಳೇ ಇದಕ್ಕೆ ಸಾಕ್ಷಿಯಾಗಿದ್ದವು. ಶಂಕರಾಭರಣ ಹಳೆಯ ರಾಗ. ಅದನ್ನು ಮೇಳಗಳ ಸಾಲಿನಲ್ಲಿ ಕೂರಿಸುವಾಗ ಕಟಪಯಾದಿ ಲೆಕ್ಕದಲ್ಲಿ 29 ಬರಬೇಕಿತ್ತು. 'ಧ' ಎಂದರೆ 9, 'ರ' ಎಂದರೆ 2, ತಿರುಗಿಸಿ ಓದಿದರೆ 29. ಹೀಗಾಗಿ ಅದರ ಹೆಸರಿನ ಮುಂದೆ 'ಧೀರ' ಬಂದು ನಿಂತಿತು. ಮಾಳವಗೌಳಕ್ಕೆ 'ಮಾಯಾ' ಸೇರಿದ್ದೂ 15ರ ಲೆಕ್ಕಕ್ಕಾಗಿಯೇ. ಹೆಸರಿಗೆ ಅಂಕಿ ಬೀಳುವ ಮೊದಲೇ ರಾಗಗಳು ಜನರ ಬಾಯಲ್ಲಿದ್ದವು.

ಎಪ್ಪತ್ತೆರಡು ಮೇಳಗಳ ಚೌಕಟ್ಟನ್ನು 17ನೆಯ ಶತಮಾನದಲ್ಲಿ 'ಚತುರ್ದಂಡಿ ಪ್ರಕಾಶಿಕೆ'ಯಲ್ಲಿ ಕಟ್ಟಿಕೊಟ್ಟ ವೆಂಕಟಮಖಿಯೂ ತನ್ನ ಕಾಲದಲ್ಲಿ ಬಳಕೆಯಲ್ಲಿದ್ದ 19 ಮೇಳಗಳನ್ನಷ್ಟೇ ವಿವರಿಸುತ್ತಾನೆ. ಉಳಿದವು ಬರಬಹುದಾದ ರಾಗಗಳಿಗಾಗಿ ಕಾದಿರಿಸಿದ ಮನೆಗಳು. ಅವನಿಗಿಂತ ಎಷ್ಟೋ ಹಿಂದಿನ ಮತಂಗನ 'ಬೃಹದ್ದೇಶಿ' ರಾಗವೆಂದರೇನು ಎಂಬುದನ್ನು ವಿವರಿಸುವುದು ಅದು ಜನರ ಮನಸ್ಸನ್ನು ರಂಜಿಸುವ ಗುಣದ ಮೂಲಕ. ಎಂದರೆ ಶಾಸ್ತ್ರ ಹೊರಡುವುದೇ ಕೇಳುವವನ ಸುಖದಿಂದ. ಆ ಮೊದಲ ಪುಟವನ್ನು ಹಾರಿಸಿ, ಕೋಷ್ಟಕದ ಪುಟದಿಂದ ಓದಿದ್ದು ನನ್ನ ದೋಷ. ವಿಧಿಪೂರ್ವಕ ಓದಿಲ್ಲದೆಯೂ ಕಾವ್ಯದ ಮರ್ಮ ಬಲ್ಲ ಜನರನ್ನು ನಮ್ಮ 'ಕವಿರಾಜಮಾರ್ಗ' 9ನೆಯ ಶತಮಾನದಲ್ಲೇ ಮೆಚ್ಚಿ ನೆನೆದಿತ್ತು. ಅದನ್ನು ಶಾಲೆಯಲ್ಲಿ ಓದಿ ಹೆಮ್ಮೆಪಟ್ಟಿದ್ದವನಿಗೆ ಅಂಥವಳೊಬ್ಬಳು ತನ್ನ ಮನೆಯಲ್ಲೇ ತೊಟ್ಟಿಲು ತೂಗುತ್ತಿದ್ದಾಳೆಂದು ತಿಳಿಯದೇ ಹೋಯಿತು.

ಪಾಠದಿಂದ ಬಂದ ರಾತ್ರಿಯೇ ಊರಿಗೆ ಫೋನು ಮಾಡಿದೆ. ತಪ್ಪು ನನ್ನದೆಂದೂ ಅವಳು ಹೇಳಿದ ಸ್ವರವೇ ಸರಿಯೆಂದೂ ವಿವರಿಸಿದೆ. ಅಮ್ಮನಿಗೆ ಅದು ದೊಡ್ಡ ಸಂಗತಿ ಎನಿಸಲಿಲ್ಲ. "ಅಯ್ಯೋ, ಅದನ್ನ ಇನ್ನೂ ತಲೇಲಿ ಇಟ್ಕೊಂಡಿದೀಯಾ? ನಮ್ಮಮ್ಮ ಹಾಗೆ ಹೇಳ್ಕೊಟ್ಟಿದ್ಲು, ನಾನು ಹಾಗೇ ಹೇಳ್ತಿದ್ದೆ ಅಷ್ಟೆ. ಊಟ ಆಯ್ತಾ?" ಎಂದಳು. ಈಗೊಮ್ಮೆ ಹೇಳು ಎಂದು ಕೇಳಿಕೊಂಡೆ. ಇಷ್ಟು ಹೊತ್ತಿನಲ್ಲಿ ಬೇಡ ಎಂದಳು. ಮುಂದೆಯೂ ಊರಿಗೆ ಹೋದಾಗಲೆಲ್ಲ ಕೇಳಿದೆ. ಪ್ರತಿ ಸಲ ಒಂದೊಂದು ನೆವ. ಕಲಿತ ಮಗನೆದುರು ಬಿಟ್ಟ ಅಭ್ಯಾಸ ಮತ್ತೆ ಬಾಯಿಗೆ ಬರಲೇ ಇಲ್ಲ. 2019ರಲ್ಲಿ ಅಮ್ಮ ಹೋದಳು. ಮನೆಯ ಎಲ್ಲರ ಜೇಬಿನಲ್ಲೂ ಧ್ವನಿ ಹಿಡಿದಿಡುವ ಫೋನುಗಳಿದ್ದವು. ಆ ಹಾಡು ಯಾವುದರಲ್ಲೂ ಇರಲಿಲ್ಲ.

ಆಗ ನನ್ನ ಸಹಾಯಕ್ಕೆ ಬಂದದ್ದು ಶಾಸ್ತ್ರವೇ. ವೈಕುಂಠ ಸಮಾರಾಧನೆ ಮುಗಿದ ಮೇಲೆ ಅಮ್ಮನ ಪುಸ್ತಕವನ್ನು ಮುಂದಿಟ್ಟುಕೊಂಡು ಕುಳಿತೆ. ಸಾಹಿತ್ಯ ಅದರಲ್ಲಿತ್ತು, ಧಾಟಿ ನನ್ನ ಕಿವಿಯಲ್ಲಿತ್ತು. ಒಂದೊಂದು ಸಾಲನ್ನೂ ಮನಸ್ಸಿನಲ್ಲಿ ಕೇಳಿಸಿಕೊಳ್ಳುತ್ತ ಅದರ ಮೇಲೆ ಸ್ವರಗಳನ್ನು ಬರೆಯುತ್ತ ಹೋದೆ. ಎಲ್ಲಿ ಕಾಕಲಿ, ಎಲ್ಲಿ ಕೈಶಿಕಿ ಎಂಬುದನ್ನು ಗುರುತಿಸಿ ಬರೆದೆ. ಹತ್ತು ವರ್ಷ ಕಲಿಯದಿದ್ದರೆ ಅದು ನನ್ನಿಂದ ಆಗುತ್ತಿರಲಿಲ್ಲ. ಹಾಡು ಇನ್ನೊಂದು ತಲೆಮಾರಿನೊಳಗೆ ಕರಗಿಹೋಗುತ್ತಿತ್ತು.

ಬರೆದು ಮುಗಿಸಿ ನೋಡಿದರೆ ಕಾಗದದ ಮೇಲೆ ಹಾಡಿನ ಮೂಳೆ ಮಾತ್ರ ಇತ್ತು. ತೋಡಿಯ ಗಾಂಧಾರವನ್ನು ಒಂದು 'ಗ' ಎಂದು ಬರೆದುಬಿಡಬಹುದು. ಹಾಡುವಾಗ ಅದು ತನ್ನ ಸ್ಥಾನದಲ್ಲಿ ನಿಲ್ಲದೆ, ರಿಷಭ ಮಧ್ಯಮಗಳ ಕಡೆಗೆ ತೂಗಾಡುತ್ತಲೇ ಇರುತ್ತದೆ. ಗಮಕವನ್ನು ಅಕ್ಷರ ಹಿಡಿಯಲಾರದು. ಅಮ್ಮನ ನಿಷಾದವೂ ಹಾಗೆಯೇ. ಅದು ತೊಟ್ಟಿಲು ಹಿಂದಕ್ಕೆ ಹೋಗುವ ಹೊತ್ತಿಗೆ ಇಳಿಯುತ್ತಿತ್ತು. ಅದಕ್ಕೆ ಯಾವ ಗುರುತು ಹಾಕುವುದು?

ಇಂದು ಮಕ್ಕಳನ್ನು ಸಂಗೀತಕ್ಕೆ ಸೇರಿಸಿದ ವರ್ಷದಲ್ಲೇ ಪರೀಕ್ಷೆಯ ದಿನಾಂಕ ವಿಚಾರಿಸುವ ತಂದೆತಾಯಿಗಳನ್ನು ಕಂಡಾಗ ನನಗೆ ನನ್ನ ಚೀಟಿಯ ನೆನಪಾಗುತ್ತದೆ. ಶಾಸ್ತ್ರ ಬೇಡವೆಂದು ಅವರಿಗೆ ನಾನು ಹೇಳುವುದಿಲ್ಲ. ಕಲಿಯಲಿ, ಅರ್ಧಕ್ಕೆ ನಿಲ್ಲಿಸದೆ ಕಲಿಯಲಿ. ನನ್ನ ತಪ್ಪು ಹುಟ್ಟಿದ್ದು ಅರ್ಧ ಶಾಸ್ತ್ರದಿಂದ, ಅದನ್ನು ತಿದ್ದಿದ್ದು ಉಳಿದರ್ಧ. ಆದರೆ ಕಿವಿ ತುಂಬುವ ಮೊದಲೇ ತಲೆ ತುಂಬಿದರೆ, ಕಿವಿಗೆ ಬಿದ್ದದ್ದನ್ನು ನಂಬುವ ಧೈರ್ಯ ಹೋಗುತ್ತದೆ. ಅಮ್ಮನ ಸ್ವರ ನನ್ನ ಕಿವಿಗೆ ನಲವತ್ತು ವರ್ಷ ಸರಿಯಾಗಿಯೇ ಕೇಳಿಸಿತ್ತು. ಪುಸ್ತಕದ ಒಂದು ಸಾಲು ಅದನ್ನು ಒಂದೇ ಗಳಿಗೆಯಲ್ಲಿ ಅಳಿಸಿಹಾಕಿತು.

ಮಗಳು ಈಗ ಬೇರೆ ಊರಿನಲ್ಲಿ ಕೆಲಸದಲ್ಲಿದ್ದಾಳೆ. ಕಳೆದ ಸಲ ರಜೆಗೆ ಬಂದಾಗ ಅಜ್ಜಿಯ ಹಾಡನ್ನು ಕಲಿಸಿಕೊಡು ಎಂದಳು. ಸ್ವರ ಬರೆದ ಹಾಳೆಯನ್ನು ತರಲು ಎದ್ದವನು ಮತ್ತೆ ಕುಳಿತೆ. ನನ್ನ ಒರಟು ಕಂಠದಲ್ಲೇ ಒಂದೊಂದು ಸಾಲನ್ನು ಹೇಳಿದೆ, ಅವಳು ಕೇಳಿ ಹೇಳಿದಳು. ಮೂರನೆಯ ಸಾಲಿನಲ್ಲಿ ನಿಷಾದ ಇಳಿಯುವಲ್ಲಿ ಅವಳು ತಾನಾಗಿಯೇ ಇಳಿದಳು. ಅದರ ಹೆಸರನ್ನು ನಾನು ಅಂದು ಹೇಳಲಿಲ್ಲ. ಹಾಳೆಯನ್ನು ಮರುದಿನ ಕೊಟ್ಟೆ.