ಪೊರೆ ದಾಟಿದ ಮೇಲಿನ ನೀರು

ಬೆಂಗಳೂರಿನ ಜೀವನ್ ಬಿಮಾ ನಗರದಿಂದ ತಿಪ್ಪಸಂದ್ರದ ಕಡೆಗೆ ಯಾವ ಅಡ್ಡರಸ್ತೆ ಹಿಡಿದರೂ ಬೆಳಗಿನ ಹೊತ್ತು ಕಣ್ಣಿಗೆ ಬೀಳುವುದು ಇಪ್ಪತ್ತು ಲೀಟರಿನ ಕ್ಯಾನು. ಪಿಜಿಗಳ ಊಟದ ಕೋಣೆಯಲ್ಲಿ, ಸಣ್ಣ ಕಚೇರಿಗಳ ಮೂಲೆಯಲ್ಲಿ ಅದನ್ನು ಡಿಸ್ಪೆನ್ಸರ್ ಮೇಲೆ ಬೋರಲು ಹಾಕಿರುತ್ತಾರೆ. ನಲ್ಲಿಯಲ್ಲಿ ಕಾವೇರಿ ಬರುವ ಎಷ್ಟೋ ಮನೆಯವರು ಕೂಡ ಕುಡಿಯಲು ಇದನ್ನೇ ನಂಬಿದ್ದಾರೆ. ನೀರು ಚೆನ್ನಾಗಿದೆಯೇ ಎಂದು ಕೇಳಿದರೆ ಮಾರುವವರು ಪೆನ್ನಿನಂಥ ಮೀಟರ್ ಅದ್ದಿ ತೋರಿಸುತ್ತಾರೆ: ಟಿಡಿಎಸ್ ಅರವತ್ತು. ಕೇಳಿದವರಿಗೆ ಸಮಾಧಾನವಾಗುತ್ತದೆ.

ಆ ಸಮಾಧಾನಕ್ಕೆ ಆಧಾರವಿಲ್ಲ. ಮೀಟರ್ ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು. ಅದರಿಂದ ಕರಗಿದ ಲವಣಗಳ ಅಂದಾಜು ಸಿಗುತ್ತದೆ. ಬ್ಯಾಕ್ಟೀರಿಯಾ ಕರಗಿದ ಲವಣವಲ್ಲ. ಒಂದು ಲೋಟದಲ್ಲಿ ಲಕ್ಷಗಟ್ಟಲೆ ಜೀವಾಣುಗಳಿದ್ದರೂ ಮೀಟರ್ ಅರವತ್ತನ್ನೇ ತೋರಿಸುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಲೀಟರಿಗೆ 500 ಮಿಲಿಗ್ರಾಂವರೆಗಿನ ಟಿಡಿಎಸ್ ಸರಿ ಎನ್ನುತ್ತದೆ, ಬೇರೆ ಮೂಲವಿಲ್ಲದಿದ್ದರೆ 2000ದವರೆಗೂ ಬಿಡುತ್ತದೆ. ಇ. ಕೋಲೈ ವಿಷಯದಲ್ಲಿ ಮಾತ್ರ ರಿಯಾಯಿತಿಯೇ ಇಲ್ಲ: 100 ಮಿಲಿಲೀಟರ್ ನೀರಿನಲ್ಲಿ ಒಂದೂ ಸಿಗಬಾರದು.

ನೀರನ್ನು ಶುದ್ಧ ಮಾಡುವ ಆರ್‌ಓ ಯಂತ್ರದೊಳಗೆ ಏನಾಗುತ್ತದೆ ನೋಡಿ. ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ ಬರುವ ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಬಳಕೆದಾರರ ನಲ್ಲಿಗೆ ಬಂದಾಗಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು ಎಂಬುದು ನಿಯಮ. ದಾರಿಯಲ್ಲಿ, ಸಂಪಿನಲ್ಲಿ ಏನಾದರೂ ಸೇರಿದರೆ ಕಾಯುವುದು ಅದೇ. ಆದರೆ ಕ್ಲೋರಿನ್ ತಗುಲಿದರೆ ಆರ್‌ಓ ಪೊರೆ ಹಾಳಾಗುತ್ತದೆ. ಹಾಗಾಗಿ ಅದಕ್ಕೆ ಮೊದಲೇ ಇಂಗಾಲದ ಫಿಲ್ಟರ್ ಕ್ಲೋರಿನ್ ತೆಗೆದುಹಾಕುತ್ತದೆ. ಸುಸ್ಥಿತಿಯಲ್ಲಿರುವ ಪೊರೆ ಬ್ಯಾಕ್ಟೀರಿಯಾವನ್ನೂ ತಡೆಯುತ್ತದೆ, ಯುವಿ ದೀಪ ಉಳಿದದ್ದನ್ನು ಕೊಲ್ಲುತ್ತದೆ. ಅಲ್ಲಿಗೆ ಯಂತ್ರದ ಕೆಲಸ ಮುಗಿಯಿತು. ಮುಂದೆ ನೀರು ಟ್ಯಾಂಕಿನಲ್ಲಿ, ಪೈಪಿನಲ್ಲಿ, ಕ್ಯಾನಿನಲ್ಲಿ ಕಾವಲಿಲ್ಲದೆ ನಿಲ್ಲುತ್ತದೆ.

ಒಳಗೋಡೆಗೆ ಲೋಳೆ ಕಟ್ಟುವುದು ಆಮೇಲೆಯೇ. ಬೆರಳಿಗೆ ಜಾರುವ ಆ ತೆಳು ಪದರವೇ ಜೀವಾಣುಗಳ ಕಾಲೊನಿ. ಸ್ಯೂಡೊಮೊನಾಸ್ ಎಂಬುದು ಅಲ್ಲಿ ಹಾಯಾಗಿ ಬದುಕುತ್ತದೆ. ಅದಕ್ಕೆ ಬೇಕಾಗುವ ಪೋಷಕಾಂಶ ಅಷ್ಟು ಕಡಿಮೆ. ಬಾಟಲಿ ನೀರಿನ ಮಾನಕವು 250 ಮಿಲಿಲೀಟರಿನಲ್ಲಿ ಇದು ಒಂದೂ ಇರಕೂಡದು ಎನ್ನುತ್ತದೆ. ಆರೋಗ್ಯವಂತರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆದರೆ ಹಸುಗೂಸಿಗೆ ಪುಡಿ ಹಾಲು ಕಲಸುವ ಮನೆಯಲ್ಲಿ, ಕೀಮೋಥೆರಪಿ ಪಡೆಯುವವರಿರುವ ಮನೆಯಲ್ಲಿ ಈ ಲೆಕ್ಕ ಬೇರೆ.

ಡಿಸ್ಪೆನ್ಸರ್‌ನದು ಇನ್ನೊಂದು ಕಥೆ. ಕ್ಯಾನಿನಿಂದ ನೀರಿಳಿದಷ್ಟೂ ಗುಳುಗುಳು ಎಂದು ಕೋಣೆಯ ಗಾಳಿ, ಧೂಳಿನ ಸಮೇತ, ಒಳಗೆ ಹೋಗುತ್ತದೆ. ಕಚ್ಚಿ ಕುಡಿದ ಬಾಟಲಿಯ ಬಾಯಿ ನಲ್ಲಿಗೆ ತಾಗುತ್ತದೆ. ಕೆನಡಾದ ಕ್ವಿಬೆಕ್‌ನಲ್ಲಿ ಸಂಶೋಧಕರು 50 ಮನೆ, 50 ಕಚೇರಿಗಳ ಡಿಸ್ಪೆನ್ಸರ್‌ಗಳನ್ನು ಪರೀಕ್ಷಿಸಿ 1994ರಲ್ಲಿ ಪ್ರಕಟಿಸಿದ ವರದಿಯಂತೆ, ಮನೆಗಳಲ್ಲಿ ಶೇ 36, ಕಚೇರಿಗಳಲ್ಲಿ ಶೇ 28ರಷ್ಟು ಯಂತ್ರಗಳ ನೀರು ಕಲುಷಿತವಾಗಿತ್ತು. ಅಂಥ ತಣ್ಣನೆಯ ದೇಶದಲ್ಲೇ ಹೀಗೆ.

ಸೀಲ್ ಮಾಡಿದ ಬಾಟಲಿಯೂ ಪೂರ್ತಿ ಭರವಸೆ ಕೊಡುವುದಿಲ್ಲ. 2025ರಲ್ಲಿ ನಮ್ಮ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಪರೀಕ್ಷಿಸಿದ 255 ಬಾಟಲಿ ನೀರಿನ ಮಾದರಿಗಳಲ್ಲಿ 95 ಅಸುರಕ್ಷಿತ, 88 ಕಳಪೆ ಎಂದು ಕಂಡುಬಂತು. ನಾಣ್ಯ ಹಾಕಿ ನಾವೇ ಕೊಡ ಒಡ್ಡಿ ಹಿಡಿಯುವ ಘಟಕದ ನೀರಿಗೆ ಆ ಸೀಲೂ ಇಲ್ಲ. ನೀರಿನಿಂದ ಹರಡುವ ಕಾಲರಾದ ತನಿಖೆಗೆಂದು 1895ರಲ್ಲಿ ರೊನಾಲ್ಡ್ ರಾಸ್ ಅವರನ್ನು ಬೆಂಗಳೂರಿಗೆ ಕಳಿಸಿದ್ದರು. ಮುಂದೆ ಮಲೇರಿಯಾ ಸಂಶೋಧನೆಗೆ ನೊಬೆಲ್ ಪಡೆದ ಅದೇ ರಾಸ್. ಕಾಲರಾ ಇನ್ನೂ ಊರು ಬಿಟ್ಟಿಲ್ಲ. ನೀರಿನ ಬರದ ಬೇಸಿಗೆಯಾದ 2024ರ ಏಪ್ರಿಲ್‌ನಲ್ಲಿ ಬೆಂಗಳೂರು ವೈದ್ಯಕೀಯ ಕಾಲೇಜಿನ ಹಾಸ್ಟೆಲ್ ವಿದ್ಯಾರ್ಥಿನಿಯರು ವಾಂತಿಭೇದಿಯಿಂದ ಆಸ್ಪತ್ರೆ ಸೇರಿದಾಗ ಕಾಲರಾ ದೃಢಪಟ್ಟಿತ್ತು.

ಪರೀಕ್ಷೆ ದುಬಾರಿಯೇನಲ್ಲ. ಗ್ವಾಲಿಯರ್‌ನ ರಕ್ಷಣಾ ಪ್ರಯೋಗಾಲಯದ ಕೆ.ಎಸ್. ಮಾಂಜ ಮತ್ತು ಸಂಗಡಿಗರು 1982ರಲ್ಲೇ ಎಚ್‌ಟುಎಸ್ ಬಾಟಲಿಯ ವಿಧಾನ ಕೊಟ್ಟರು: ನೀರು ತುಂಬಿ ಒಂದೆರಡು ದಿನ ಬೆಚ್ಚಗಿನ ಜಾಗದಲ್ಲಿಟ್ಟಾಗ ಕಪ್ಪಾದರೆ ಮಲದ ಸೋಂಕಿನ ಗುಮಾನಿ. ಹಳ್ಳಿಗಳಲ್ಲಿ ಬಳಸುತ್ತಿರುವ ಈ ಬಾಟಲಿ ನಮ್ಮ ಪಿಜಿಗಳಿಗೆ ಏಕೆ ಬಂದಿಲ್ಲ? ನಿಜ, ಅದು ಸ್ಯೂಡೊಮೊನಾಸನ್ನು ಹಿಡಿಯದು, ಅದಕ್ಕೆ ಪ್ರಯೋಗಾಲಯವೇ ಬೇಕು. ಮಾದರಿಯನ್ನು ಪೊರೆಯ ಬಳಿ ತೆಗೆದರೆ ಉಪಯೋಗವಿಲ್ಲ, ಜನ ಹಿಡಿಯುವ ನಲ್ಲಿಯಿಂದಲೇ ತೆಗೆಯಬೇಕು.

ಘಟಕದವರು ಟ್ಯಾಂಕ್ ತೊಳೆದ ದಿನವನ್ನೂ ಕಳೆದ ಪರೀಕ್ಷೆಯ ಫಲಿತಾಂಶವನ್ನೂ ಗೋಡೆಗೆ ಅಂಟಿಸಬೇಕೆಂದು ಬಡಾವಣೆಯ ಸಂಘಗಳು ಕೇಳಲಿ. ಪಿಜಿ ನಡೆಸುವವರು ಕೆಲವು ತಿಂಗಳಿಗೊಮ್ಮೆಯಾದರೂ ಡಿಸ್ಪೆನ್ಸರ್ ಬಸಿದು, ತೆಳು ಬ್ಲೀಚ್ ದ್ರಾವಣ ಹಾಯಿಸಿ, ವಾಸನೆ ಹೋಗುವ ತನಕ ತೊಳೆಯಲಿ. ಕ್ಯಾನ್ ಬದಲಿಸುವಾಗ ಕೈ ತೊಳೆದು, ಅದರ ಕತ್ತನ್ನು ಒರೆಸಿ ಇಡಲಿ. ಮಗುವಿಗೆ ಕೊಡುವ ನೀರನ್ನಂತೂ, ಯಂತ್ರ ಯಾವುದೇ ಆಗಿರಲಿ, ಮಳ್ಳಿಸಿ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಒಲೆಯ ಮೇಲೆ ಬಿಡಬೇಕು.