ಬಾಕಿ ಬಿಲ್ಲಿಗೆ ರೋಗಿ ಒತ್ತೆಯಲ್ಲ

ಆಸ್ಪತ್ರೆಯಲ್ಲಿ ತೀರಿಹೋದವರ ಮನೆಯವರು ಕೆಲವೊಮ್ಮೆ ಕೌಂಟರಿನಲ್ಲಿ ಒಂದು ಮಾತು ಕೇಳಬೇಕಾಗುತ್ತದೆ: ‘ಬಾಕಿ ಕಟ್ಟಿ, ಆಮೇಲೆ ಶವ ತೆಗೆದುಕೊಂಡು ಹೋಗಿ.’ ಒಡವೆ ಅಡವಿಟ್ಟು, ಕೈಸಾಲ ಮಾಡಿ ಹಣ ತಂದವರೂ ಆ ಗಳಿಗೆಯಲ್ಲಿ ತಲೆತಗ್ಗಿಸಿ ನಿಲ್ಲುತ್ತಾರೆ. ಈ ಮಾತಿಗೆ ಕಾನೂನಿನ ಬಲವಿಲ್ಲವೆಂದು ಅವರಿಗೆ ಹೇಳುವವರು ಯಾರೂ ಇರುವುದಿಲ್ಲ.

ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ ಬಂದದ್ದು 2007ರಲ್ಲಿ. 2017ರಲ್ಲಿ ಅದನ್ನು ತಿದ್ದಲು ಹೊರಟಾಗ ಖಾಸಗಿ ವೈದ್ಯರು ಮುಷ್ಕರ ಹೂಡಿದ್ದು ನಿಮಗೆ ನೆನಪಿರಬಹುದು. ಎಲ್ಲ ರೋಗಿಗಳಿಗೂ ಅನ್ವಯಿಸುವಂತೆ ದರ ನಿಗದಿ ಮಾಡುವ ಆಲೋಚನೆ ಆ ಜಗ್ಗಾಟದಲ್ಲಿ ಕೈಬಿಟ್ಟುಹೋಯಿತು. ಉಳಿದದ್ದೂ ಸಣ್ಣದಲ್ಲ. ಬಾಕಿಯಿದ್ದರೂ ಶವವನ್ನು ಬಿಟ್ಟುಕೊಡಬೇಕು, ಹಣವನ್ನು ಆಮೇಲೆ ವಸೂಲು ಮಾಡಿಕೊಳ್ಳಬೇಕು. ಗುಣವಾದ ರೋಗಿಯನ್ನು ಬಿಲ್ಲಿಗಾಗಿ ಹಿಡಿದಿಟ್ಟುಕೊಳ್ಳುವಂತಿಲ್ಲವೆಂದು ದೆಹಲಿ ಹೈಕೋರ್ಟು ಅದೇ ವರ್ಷ ಹೇಳಿತು.

ಹಾಗೆಂದು ಬಾಕಿ ಮನ್ನಾ ಆಯಿತೆಂದು ತಿಳಿಯಬೇಡಿ. ಅದು ಸಾಲವಾಗಿಯೇ ಉಳಿಯುತ್ತದೆ. ಆಸ್ಪತ್ರೆ ನ್ಯಾಯಾಲಯಕ್ಕೆ ಹೋಗಿ ಕೇಳಬಹುದು.

ಆದ್ದರಿಂದ ಎಚ್ಚರ ಬೇಕಾದದ್ದು ದಾಖಲಾಗುವ ಹೊತ್ತಿನಲ್ಲಿ. ಚಿಕಿತ್ಸೆಯ ದರಗಳನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕೆಂಬುದು ಇದೇ ಕಾನೂನಿನ ವಿಧಿ. ಆದರೆ ಫಲಕ ನೋಡಿ ಲೆಕ್ಕ ಹಾಕಿದವರು ಮೋಸಹೋಗುವುದೇ ಹೆಚ್ಚು. ಎಷ್ಟೋ ಆಸ್ಪತ್ರೆಗಳಲ್ಲಿ ಕೊಠಡಿ ಬದಲಾದರೆ ಬಾಡಿಗೆ ಮಾತ್ರವಲ್ಲ, ವೈದ್ಯರ ಭೇಟಿ ಶುಲ್ಕ, ಶಸ್ತ್ರಚಿಕಿತ್ಸೆಯ ಶುಲ್ಕ, ಪರೀಕ್ಷೆಗಳ ದರ ಎಲ್ಲವೂ ಏರುತ್ತವೆ. ಜನರಲ್ ವಾರ್ಡಿನಲ್ಲೂ ಅದೇ ವೈದ್ಯರು, ಅದೇ ಚಾಕು! ಔಷಧಿ, ಕೈಗವಸು, ಸಿರಿಂಜುಗಳ ಲೆಕ್ಕ ಬೇರೆ. ಹೃದಯದ ಸ್ಟೆಂಟಿಗೆ 2017ರ ಫೆಬ್ರವರಿಯಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಮಿತಿ ಹಾಕಿತು. ಔಷಧಿ ಲೇಪಿತ ಸ್ಟೆಂಟಿನ ಬೆಲೆ ಆಗ 29,600 ರೂಪಾಯಿಗೆ ಇಳಿಯಿತು. ಅದನ್ನು ಅಳವಡಿಸುವ ಪ್ಯಾಕೇಜಿಗೆ ಅಂಥ ಮಿತಿ ಹಾಕಲಿಲ್ಲ.

ಅಂದಾಜು ವೆಚ್ಚವನ್ನು ಬರವಣಿಗೆಯಲ್ಲಿ ಕೇಳಿ. ಅದು ಯಾವ ವಾರ್ಡಿನ ಲೆಕ್ಕ, ಔಷಧಿ ಸೇರಿದೆಯೇ ಎಂದೂ ಕೇಳಿ. ತುರ್ತು ಸಂದರ್ಭದಲ್ಲಿ ಮಾತ್ರ ಈ ವಿಚಾರಣೆಗೆ ಕಾಯಬೇಡಿ. ಮುಂಗಡ ಕಟ್ಟಿಲ್ಲವೆಂದು ತುರ್ತು ಚಿಕಿತ್ಸೆ ನಿರಾಕರಿಸುವಂತಿಲ್ಲ. ಬಿಡುಗಡೆಯ ದಿನ ಬಾಬುವಾರು ಬಿಲ್ಲು ಪಡೆಯಿರಿ. ತಕರಾರಿದ್ದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ದೂರು ಬರೆದು, ರಸೀದಿಗಳ ನಕಲು ಲಗತ್ತಿಸಿ. ಮೂಲ ಪ್ರತಿಗಳು ನಿಮ್ಮಲ್ಲೇ ಇರಲಿ.