ಥ್ರಾಟಲ್ ಪೊಸಿಷನ್ ಸೆನ್ಸರ್ ದೋಷ: ಭಾಗ ಬದಲಿಸುವ ಮುನ್ನ ಪರೀಕ್ಷೆ ಅಗತ್ಯ

ಸಾರಿಗೆ, ಪ್ರವಾಸೋದ್ಯಮ, ತೋಟಗಾರಿಕೆ ಹಾಗೂ ಗುತ್ತಿಗೆ ಕಾಮಗಾರಿ ಕ್ಷೇತ್ರಗಳಲ್ಲಿ ಎಸ್.ಯು.ವಿ. ವಾಹನಗಳು ಇಂದು ಅನಿವಾರ್ಯ ಸಾಧನಗಳಾಗಿವೆ. ಇಂತಹ ವಾಹನವೊಂದು ಗ್ಯಾರೇಜಿನಲ್ಲಿ ನಿಂತರೆ ಆ ದಿನದ ಬಾಡಿಗೆ ನಷ್ಟವಾಗುವುದಲ್ಲದೆ, ಒಪ್ಪಿಕೊಂಡ ಕೆಲಸವೂ ಕೈತಪ್ಪುತ್ತದೆ. ದುರಸ್ತಿಯ ನಂತರವೂ ದೋಷ ಮರುಕಳಿಸಿದರೆ ನಷ್ಟ ಇಮ್ಮಡಿಯಾಗುತ್ತದೆ. ಪೆಟ್ರೋಲ್ ಎಸ್.ಯು.ವಿ.ಗಳಲ್ಲಿ ಹೀಗೆ ಕಾಡುವ ದೋಷಗಳ ಪೈಕಿ ಥ್ರಾಟಲ್ ಪೊಸಿಷನ್ ಸೆನ್ಸರಿನ (ಟಿ.ಪಿ.ಎಸ್.) ದೋಷವೂ ಒಂದು. ಬಿಡಿಭಾಗ ಚಿಕ್ಕದು, ಆದರೆ ದೋಷವನ್ನು ತಪ್ಪಾಗಿ ಗುರುತಿಸಿದಲ್ಲಿ ಸ್ಪಾರ್ಕ್ ಪ್ಲಗ್, ಇಂಧನ ಪಂಪ್, ಇಂಜೆಕ್ಟರ್ ಎಂದು ಒಂದಾದ ಮೇಲೊಂದನ್ನು ಬದಲಿಸುತ್ತ ಹೋಗಬೇಕಾಗುತ್ತದೆ.

ಸೆನ್ಸರಿನ ಕಾರ್ಯ

ಎಂಜಿನ್ನಿಗೆ ಗಾಳಿ ಪ್ರವೇಶಿಸುವ ಮಾರ್ಗದಲ್ಲಿ ಥ್ರಾಟಲ್ ತಟ್ಟೆ ಇರುತ್ತದೆ. ಈ ತಟ್ಟೆ ಎಷ್ಟು ತೆರೆದಿದೆ ಎಂಬುದನ್ನು ಎಂಜಿನ್ ನಿಯಂತ್ರಣ ಘಟಕಕ್ಕೆ (ಇ.ಸಿ.ಯು.) ತಿಳಿಸುವುದೇ ಟಿ.ಪಿ.ಎಸ್. ಕಾರ್ಯ. ಮಾರುತಿ ಜಿಪ್ಸಿಯ ಎಂ.ಪಿ.ಎಫ್.ಐ. ಮಾದರಿಯಂತಹ, ಕೇಬಲ್‌ನಿಂದ ನಡೆಯುವ ಥ್ರಾಟಲ್ ಇರುವ ವಾಹನಗಳಲ್ಲಿ ಇದು ಸಾಮಾನ್ಯವಾಗಿ ಮೂರು ತಂತಿಗಳ ಸಾಧನ. ಒಂದು ತಂತಿಯಲ್ಲಿ 5 ವೋಲ್ಟ್ ಪೂರೈಕೆ, ಇನ್ನೊಂದು ಅರ್ತ್, ಮೂರನೆಯದು ಸಂಕೇತ ಒಯ್ಯುವ ತಂತಿ. ಥ್ರಾಟಲ್ ಮುಚ್ಚಿದಾಗ ಸಂಕೇತವು ಸುಮಾರು 0.5ರಿಂದ 1 ವೋಲ್ಟ್ ಇದ್ದು, ಪೂರ್ಣ ತೆರೆದಾಗ 4 ವೋಲ್ಟ್ ದಾಟಿ 4.5ರ ಆಸುಪಾಸಿಗೆ ಏರುತ್ತದೆ. ನಿಖರ ಅಳತೆಯನ್ನು ಆಯಾ ಮಾದರಿಯ ಸರ್ವಿಸ್ ಕೈಪಿಡಿಯಲ್ಲೇ ನೋಡಬೇಕು.

ಸೆನ್ಸರಿನ ಒಳಗಿನ ಪಟ್ಟಿಯ ಮೇಲೆ ಸಣ್ಣ ಸಂಪರ್ಕ ತುದಿಯೊಂದು ಜಾರುತ್ತಿರುತ್ತದೆ. ವಾಹನವು ಬಹುಪಾಲು ಸಮಯ ಐಡ್ಲಿಂಗ್‌ನಲ್ಲಿ ಅಥವಾ ಅಲ್ಪ ವೇಗದಲ್ಲಿ ಓಡುವುದರಿಂದ ಪಟ್ಟಿಯ ಆ ಭಾಗವೇ ಮೊದಲು ಸವೆಯುತ್ತದೆ. ಆದ್ದರಿಂದಲೇ ಆಕ್ಸಿಲರೇಟರನ್ನು ಒತ್ತಲಾರಂಭಿಸಿದ ಕ್ಷಣದಲ್ಲಿ ಎಂಜಿನ್ ತಡವರಿಸುವುದು ಹೆಚ್ಚು.

ದೋಷದ ಲಕ್ಷಣಗಳು

ಐಡ್ಲಿಂಗ್ ಏರಿಳಿಯುವುದು, ವೇಗ ಹೆಚ್ಚಿಸುವಾಗ ಜಗ್ಗುವುದು, ಸಿಗ್ನಲ್‌ನಲ್ಲಿ ಎಂಜಿನ್ ಬಂದ್ ಆಗುವುದು, ಆಟೊಮ್ಯಾಟಿಕ್ ಗೇರ್ ಒರಟಾಗಿ ಬದಲಾಗುವುದು ಮತ್ತು ಎಂಜಿನ್ ಎಚ್ಚರಿಕೆ ದೀಪ ಬೆಳಗುವುದು ಪ್ರಮುಖ ಲಕ್ಷಣಗಳು. ಎಲೆಕ್ಟ್ರಾನಿಕ್ ಥ್ರಾಟಲ್ ಇರುವ ವಾಹನಗಳಲ್ಲಿ ಇ.ಸಿ.ಯು. ಸುರಕ್ಷತೆಗಾಗಿ ಎಂಜಿನ್ ಶಕ್ತಿಯನ್ನು ತೀವ್ರವಾಗಿ ತಗ್ಗಿಸುತ್ತದೆ. ಶಿರಾಡಿ, ಚಾರ್ಮಾಡಿಯಂತಹ ಘಾಟಿಯ ಏರಿನಲ್ಲಿ, ಹಿಂದೆ ಲಾರಿಗಳು ಬರುತ್ತಿರುವಾಗ ಹೀಗಾದರೆ ಅಪಾಯ ಸಾಮಾನ್ಯವಲ್ಲ. ಆದಕಾರಣ ಎಚ್ಚರಿಕೆ ದೀಪವನ್ನು ಅಲಕ್ಷಿಸಿ ಬಾಡಿಗೆಗೆ ಹೊರಡುವುದು ಸರಿಯಲ್ಲ.

ಇದೇ ಲಕ್ಷಣಗಳು ಗಾಳಿಯ ಕೊಳವೆಯ ಸೋರಿಕೆ, ಥ್ರಾಟಲ್ ಬಾಡಿಯಲ್ಲಿ ಕಟ್ಟಿದ ಇಂಗಾಲ ಅಥವಾ ಇಂಧನದ ಒತ್ತಡದ ಕೊರತೆಯಿಂದಲೂ ಕಾಣಿಸಬಹುದು. ಲಕ್ಷಣವೊಂದನ್ನೇ ನೆಚ್ಚಿ ಸೆನ್ಸರ್ ಬದಲಿಸಲಾಗದು.

ಪರೀಕ್ಷೆಯ ಕ್ರಮ

ಮೊದಲಿಗೆ ದೋಷವು ಯಾವಾಗ ಕಾಣಿಸುತ್ತದೆ ಎಂದು ಚಾಲಕನಿಂದ ವಿವರವಾಗಿ ತಿಳಿಯಬೇಕು. ಭಾರತದಲ್ಲಿ 2010 ಮತ್ತು 2013ರಲ್ಲಿ ಹಂತ ಹಂತವಾಗಿ ಕಡ್ಡಾಯಗೊಂಡ ಆನ್-ಬೋರ್ಡ್ ಡಯಾಗ್ನಾಸ್ಟಿಕ್ ವ್ಯವಸ್ಥೆಯಿಂದ ಮುಂದಿನ ಕೆಲಸ ಸುಲಭವಾಗಿದೆ. ಸ್ಕ್ಯಾನರ್ ಜೋಡಿಸಿ ದೋಷ ಸಂಕೇತಗಳನ್ನು ಓದಿ, ಅಳಿಸುವ ಮುನ್ನ ಬರೆದಿಟ್ಟುಕೊಳ್ಳಬೇಕು. ಪಿ 0121 ಎಂದರೆ ಸಂಕೇತವು ಎಂಜಿನ್ನಿನ ಸ್ಥಿತಿಗೆ ಹೊಂದುತ್ತಿಲ್ಲ. ಪಿ 0122 ಎಂದರೆ ವೋಲ್ಟೇಜ್ ತೀರಾ ಕಡಿಮೆ. ಪಿ 0123 ಎಂದರೆ ತೀರಾ ಹೆಚ್ಚು. ಪಿ 0124 ಎಂದರೆ ಆಗಾಗ ಕಡಿಯುತ್ತಿದೆ. ಈ ಸಂಖ್ಯೆಗಳು ದೋಷವಿರುವ ಸರ್ಕ್ಯೂಟನ್ನು ತೋರಿಸುತ್ತವೆಯೇ ಹೊರತು ಕೆಟ್ಟ ಭಾಗವನ್ನಲ್ಲ.

ನಂತರ ಕನೆಕ್ಟರನ್ನು ಬಿಚ್ಚಿ ತುಕ್ಕು, ನೀರು, ಸಡಿಲವಾದ ಪಿನ್ನುಗಳಿವೆಯೇ ಎಂದು ನೋಡಬೇಕು. ತೋಟದ ಮನೆಗಳಲ್ಲಿ ನಿಲ್ಲುವ ವಾಹನಗಳ ತಂತಿಗಳನ್ನು ಇಲಿ ಕಡಿದಿರುವ ಸಾಧ್ಯತೆಯೂ ಉಂಟು. ಮುಂದೆ ಇಗ್ನಿಷನ್ ಆನ್ ಮಾಡಿ, ಎಂಜಿನ್ ಚಾಲೂ ಮಾಡದೆ, ಮಲ್ಟಿಮೀಟರಿನಿಂದ ಅಳೆಯಬೇಕು. 5 ವೋಲ್ಟ್ ಪೂರೈಕೆ ಇಲ್ಲದಿದ್ದರೆ ಸೆನ್ಸರ್ ಬದಲಿಸಿ ಪ್ರಯೋಜನವಿಲ್ಲ, ತಂತಿ, ಇ.ಸಿ.ಯು. ಅಥವಾ ಅದೇ ಪೂರೈಕೆಯನ್ನು ಹಂಚಿಕೊಂಡ ಬೇರೊಂದು ಸೆನ್ಸರಿನಲ್ಲಿ ದೋಷವಿರಬಹುದು. ಅರ್ತ್ ತಂತಿ ಕಡಿದಿದ್ದರೆ ಸಂಕೇತ 5 ವೋಲ್ಟಿನತ್ತ ಏರಿ, ಪಿ 0123 ಕಾಣಿಸುತ್ತದೆ. ಇಲ್ಲಿಯೂ ಸೆನ್ಸರ್ ನಿರ್ದೋಷಿ.

ಪೂರೈಕೆ ಮತ್ತು ಅರ್ತ್ ಸರಿಯಿದ್ದಲ್ಲಿ ಥ್ರಾಟಲನ್ನು ನಿಧಾನವಾಗಿ ತೆರೆಯುತ್ತ ಸಂಕೇತದ ವೋಲ್ಟೇಜನ್ನು ಗಮನಿಸಬೇಕು. ಅದು ಎಲ್ಲಿಯೂ ಕುಸಿಯದೆ, ಜಿಗಿಯದೆ ಏಕಪ್ರಕಾರವಾಗಿ ಏರಬೇಕು. ಕ್ಷಣಮಾತ್ರದ ಕುಸಿತವು ಡಿಜಿಟಲ್ ಮೀಟರಿನಲ್ಲಿ ಕಾಣದೇ ಹೋಗಬಹುದಾದ್ದರಿಂದ ಮುಳ್ಳಿನ ಮೀಟರ್ ಅಥವಾ ಆಸಿಲೋಸ್ಕೋಪ್ ಬಳಸುವುದು ಒಳಿತು. ಜೊತೆಗೆ ತಂತಿಗಳ ಕಟ್ಟನ್ನು ಅಲುಗಾಡಿಸಿ ನೋಡಿದರೆ ಒಳಗೆ ಮುರಿದ ತಂತಿಯೂ ಪತ್ತೆಯಾಗುತ್ತದೆ.

ದುರಸ್ತಿ ಮತ್ತು ಮುನ್ನೆಚ್ಚರಿಕೆ

ಸೆನ್ಸರೇ ಕೆಟ್ಟಿದೆ ಎಂದು ಖಚಿತವಾದ ನಂತರ ಬ್ಯಾಟರಿಯ ಋಣ ತುದಿಯನ್ನು ಬಿಡಿಸಿ, ಸ್ಕ್ರೂಗಳನ್ನು ತೆಗೆದು ಬದಲಿಸಬೇಕು. ಹೊಸ ಸೆನ್ಸರ್ ಥ್ರಾಟಲ್ ದಂಡದ ತುದಿಗೆ ಸರಿಯಾಗಿ ಕೂರಬೇಕು. ಹೊಂದಿಸಬಹುದಾದ ಮಾದರಿಯಾದರೆ ಥ್ರಾಟಲ್ ಮುಚ್ಚಿದ ಸ್ಥಿತಿಯ ವೋಲ್ಟೇಜನ್ನು ಕೈಪಿಡಿಯ ಪ್ರಕಾರ ಹೊಂದಿಸಬೇಕು. ದೋಷ ಸಂಕೇತ ಅಳಿಸಿ, ಅಗತ್ಯವಿದ್ದಲ್ಲಿ ಐಡ್ಲಿಂಗ್ ಮರುಕಲಿಕೆಯ ಕ್ರಮ ಅನುಸರಿಸಿ, ರಸ್ತೆಯ ಮೇಲೆ ಓಡಿಸಿದ ಬಳಿಕ ಮತ್ತೊಮ್ಮೆ ಸ್ಕ್ಯಾನ್ ಮಾಡಿದಾಗಲೇ ದುರಸ್ತಿ ಪೂರ್ಣಗೊಂಡಂತೆ.

ಎಲೆಕ್ಟ್ರಾನಿಕ್ ಥ್ರಾಟಲಿನಲ್ಲಿ ಎರಡು ಸೆನ್ಸರುಗಳಿದ್ದು, ಅವುಗಳ ಸಂಕೇತಗಳು ತಾಳೆಯಾಗದಿದ್ದರೆ ಪಿ 2135 ದಾಖಲಾಗುತ್ತದೆ. ಇಲ್ಲಿ ಸೆನ್ಸರ್ ಪ್ರತ್ಯೇಕವಾಗಿ ದೊರೆಯದೆ ಇಡೀ ಥ್ರಾಟಲ್ ಬಾಡಿಯನ್ನೇ ಬದಲಿಸಬೇಕಾಗಿ ಬರುವುದು ಸಾಮಾನ್ಯ. ಹೀಗಾಗಿ ತಪ್ಪು ತೀರ್ಮಾನದ ಬೆಲೆಯೂ ಹೆಚ್ಚು. ಇಗ್ನಿಷನ್ ಆನ್ ಇರುವಾಗ ಈ ತಟ್ಟೆಗೆ ಬೆರಳು ತಗುಲಿಸಬಾರದು. ಮೋಟಾರ್ ಥಟ್ಟನೆ ಚಲಿಸಿ ಗಾಯವಾಗಬಹುದು. ಕಾಮನ್ ರೈಲ್ ಡೀಸೆಲ್ ವಾಹನಗಳಲ್ಲಿ ಚಾಲಕನ ಬೇಡಿಕೆಯನ್ನು ಇ.ಸಿ.ಯು.ಗೆ ತಿಳಿಸುವುದು ಪೆಡಲಿನಲ್ಲಿರುವ ಸೆನ್ಸರ್. ಇಂತಹ ದೂರು ಬಂದಾಗ ಅಲ್ಲಿಂದಲೇ ಪರೀಕ್ಷೆ ಆರಂಭಿಸಬೇಕು.

ಉದ್ಯಮಕ್ಕೆ ಹಿತ

ಪರೀಕ್ಷೆಗೆ ಪ್ರತ್ಯೇಕ ಶುಲ್ಕ ವಿಧಿಸಲು ಅನೇಕ ಸಣ್ಣ ಗ್ಯಾರೇಜುಗಳು ಹಿಂಜರಿಯುತ್ತವೆ. ಬಿಡಿಭಾಗದ ಮಾರಾಟದಲ್ಲೇ ಲಾಭ ಹುಡುಕುತ್ತವೆ. ಇದರಿಂದ ಗ್ರಾಹಕ ಬೇಡದ ಭಾಗಕ್ಕೆ ಹಣ ತೆರುತ್ತಾನೆ. ದೋಷ ಮರುಕಳಿಸಿದಾಗ ಗ್ಯಾರೇಜು ಗ್ರಾಹಕನನ್ನೇ ಕಳೆದುಕೊಳ್ಳುತ್ತದೆ. ಅಳೆದ ವೋಲ್ಟೇಜ್, ಓದಿದ ದೋಷ ಸಂಕೇತ ಮತ್ತು ಮಾಡಿದ ಕೆಲಸವನ್ನು ಬಿಲ್ಲಿನಲ್ಲೇ ನಮೂದಿಸಿ, ಪರೀಕ್ಷೆಯ ಶ್ರಮಕ್ಕೆ ನ್ಯಾಯವಾದ ಶುಲ್ಕ ಪಡೆಯುವ ಪದ್ಧತಿ ಇಬ್ಬರಿಗೂ ಹಿತಕರ. ವಾಹನ ಮಾಲೀಕರು ಸಹ ಅಧಿಕೃತ ಬಿಲ್ ಇರುವ ಅಸಲಿ ಬಿಡಿಭಾಗವನ್ನೇ ಕೇಳಿ ಪಡೆದು, ತೆಗೆದ ಹಳೆಯ ಭಾಗವನ್ನು ಹಿಂದಕ್ಕೆ ಪಡೆಯುವುದು ಸೂಕ್ತ. ಹತ್ತು ನಿಮಿಷಗಳ ಅಳತೆಯಿಂದ ಹಲವು ದಿನಗಳ ಬಾಡಿಗೆ ಉಳಿಯುವುದಾದರೆ, ಆ ಅಳತೆಗೆ ತೆತ್ತ ಹಣ ವ್ಯರ್ಥವಲ್ಲ.